ಪುಸ್ತಕ ನೋಡಿ ಸ್ಯಾಕ್ಸೋಫೋನ್ ಗುರುಗುಟ್ಟಿಸಲು ಕಲಿಯಬಹುದೇ?

ಫೋನಿನಲ್ಲಿ ಸಂಗೀತದ ಗುಂಪುಗಳಿದ್ದರೆ ‘ಮೂವತ್ತೇ ದಿನದಲ್ಲಿ ಸ್ಯಾಕ್ಸೋಫೋನ್’ ಧಾಟಿಯ ಪಿಡಿಎಫ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದರ ಕೆಳಗೇ ಇನ್ನೊಬ್ಬರ ಉತ್ತರ: ‘ಊದುವ ವಾದ್ಯ ಪುಸ್ತಕದಿಂದ ಬರುವುದಿಲ್ಲ, ಅದಕ್ಕೆ ದಮ್ಮು ಬೇಕು.’ ಮೂರನೆಯವರು ‘ಸ್ಯಾಕ್ಸೋಫೋನ್ ನುಡಿಸುವವರ ಆಯಸ್ಸು ಕಡಿಮೆಯಂತೆ, ಡಾಕ್ಟರುಗಳೇ ಬರೆದಿದ್ದಾರೆ’ ಎಂದು ಹೆದರಿಸುತ್ತಾರೆ. ನಾಲ್ಕನೆಯವರ ಪ್ರಕಾರ ಬ್ಲೂಸ್ ಎಂದರೆ ನಮ್ಮ ಶುದ್ಧ ಧನ್ಯಾಸಿ ರಾಗವೇ, ಅಮೆರಿಕದವರು ಎತ್ತಿಕೊಂಡದ್ದು.

ನಾಲ್ಕು ಮಾತಿನಲ್ಲೂ ಒಂದೊಂದು ಚೂರು ನಿಜವಿದೆ, ಉಳಿದದ್ದು ಗಾಳಿ. ರಾಕ್ ಮತ್ತು ಬ್ಲೂಸ್ ಶೈಲಿಯ ಸ್ಯಾಕ್ಸೋಫೋನನ್ನು ಪುಸ್ತಕದಿಂದ ಕಲಿಯಲು ಹೊರಟವರಲ್ಲಿ ಬಹಳ ಮಂದಿ ಕೆಲವೇ ತಿಂಗಳಲ್ಲಿ ‘ನನಗೆ ಉಸಿರು ಸಾಲದು’ ಎಂದು ವಾದ್ಯವನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ತೊಂದರೆ ಇರುವುದು ಉಸಿರಿನಲ್ಲಲ್ಲ. ಪುಸ್ತಕಕ್ಕೆ ಬೆರಳು ಕಾಣುತ್ತದೆ, ಗಂಟಲು ಕಾಣುವುದಿಲ್ಲ. ಈ ಶೈಲಿಯ ಜೀವವೆಲ್ಲ ಗಂಟಲು ಮತ್ತು ನಾಲಿಗೆಯಲ್ಲಿದೆ.

ಹಿತ್ತಾಳೆಯ ಮೈ, ಹುಲ್ಲಿನ ಬಾಯಿ

ಮೊದಲು ವಾದ್ಯದ ವಿಷಯ. ಬೆಲ್ಜಿಯಂನ ದಿನಾಂ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದಾದರೂ ಪಾಶ್ಚಾತ್ಯ ಸಂಗೀತದಲ್ಲಿ ಇದನ್ನು ಟ್ರಂಪೆಟ್ ಸಾಲಿಗೆ ಸೇರಿಸದೆ ಕ್ಲಾರಿನೆಟ್, ಕೊಳಲುಗಳ ಸಾಲಿಗೆ ಸೇರಿಸುತ್ತಾರೆ. ಕಾರಣ, ಸದ್ದು ಹುಟ್ಟಿಸುವುದು ಮೌತ್‌ಪೀಸ್‌ಗೆ ಕಟ್ಟಿದ ಒಂದು ತೆಳುವಾದ ರೀಡ್. ಬಿದಿರಿನ ಜಾತಿಗೆ ಸೇರಿದ ಒಂದು ಬಗೆಯ ದೊಡ್ಡ ಹುಲ್ಲಿನ ಕಾಂಡದಿಂದ ಅದನ್ನು ಸೀಳಿ ಮಾಡುತ್ತಾರೆ. ನಮ್ಮ ನಾಗಸ್ವರ, ಶಹನಾಯಿಗಳ ಬಾಯಲ್ಲೂ ರೀಡ್ ಇದೆ. ಅಲ್ಲಿ ಎರಡು ಪದರ, ಇಲ್ಲಿ ಒಂದೇ.

ಊದಿದಾಗ ರೀಡ್ ಬಾಗಿಲಿನಂತೆ ತೆರೆದು ಮುಚ್ಚುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ಎಂಬುದನ್ನು ಮುಖ್ಯವಾಗಿ ಕೊಳವೆಯೊಳಗಿನ ಗಾಳಿಯ ಕಂಬ ತೀರ್ಮಾನಿಸುತ್ತದೆ. ಕೀ ಒತ್ತಿ ರಂಧ್ರ ಮುಚ್ಚಿದರೆ ಕಂಬ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ಇಷ್ಟನ್ನು ಪುಸ್ತಕ ಚೆನ್ನಾಗಿ ಕಲಿಸುತ್ತದೆ. ಫಿಂಗರಿಂಗ್ ಚಾರ್ಟ್ ಎಂಬ ಒಂದು ಪುಟ ನೋಡಿ, ಯಾವ ಸ್ವರಕ್ಕೆ ಯಾವ ಬೆರಳು ಎಂದು ಸುಮಾರು ಎರಡೂವರೆ ಸ್ಥಾಯಿಯನ್ನು ಯಾರು ಬೇಕಾದರೂ ಕೆಲವು ವಾರಗಳಲ್ಲಿ ನೆನಪಿಟ್ಟುಕೊಳ್ಳಬಹುದು. ‘ಪುಸ್ತಕದಿಂದ ಬರುವುದೇ ಇಲ್ಲ’ ಎನ್ನುವವರು ಇಲ್ಲಿ ತಪ್ಪು.

ಆದರೆ ಕೊಳವೆಗೆ ಎರಡು ಬದಿ ಇದೆ. ರೀಡ್‌ನ ಆಚೆ ಬದಿ ಹಿತ್ತಾಳೆಯ ಕೊಳವೆ. ಈಚೆ ಬದಿ ನಿಮ್ಮ ಬಾಯಿ, ಗಂಟಲು, ಶ್ವಾಸನಾಳ. ಅದೂ ಒಂದು ಕೊಳವೆಯೇ.

ಪುಸ್ತಕಕ್ಕಿಂತ ಮೊದಲು ಬಂದ ಸದ್ದು

1908ರಲ್ಲಿ ಪಾಲ್ ದ ವೀಲ್ ಅವರ ‘ಯೂನಿವರ್ಸಲ್ ಮೆಥಡ್’ ಎಂಬ ದಪ್ಪ ಪುಸ್ತಕ ಅಮೆರಿಕದಲ್ಲಿ ಬಂತು. ಇಂದಿಗೂ ಮಾರಾಟದಲ್ಲಿದೆ. ಅದು ಬ್ಯಾಂಡ್ ಮತ್ತು ಶಾಸ್ತ್ರೀಯ ಸಂಗೀತದ ಕಾಲದ್ದು. ಬಯಸಿದ್ದು ಶುದ್ಧ, ಸಮ, ನಯವಾದ ನಾದ. ರಾಕ್ ಮತ್ತು ಬ್ಲೂಸ್ ಸ್ಯಾಕ್ಸೋಫೋನ್ ಬಂದದ್ದು ಆ ನಯವನ್ನು ಬೇಕೆಂದೇ ಒರಟು ಮಾಡಿದವರಿಂದ.

1942ರಲ್ಲಿ ಲಯನಲ್ ಹ್ಯಾಂಪ್ಟನ್ ವಾದ್ಯವೃಂದದ ‘ಫ್ಲೈಯಿಂಗ್ ಹೋಮ್’ ರೆಕಾರ್ಡಿನಲ್ಲಿ ಇಲಿನಾಯ್ ಜಾಕೆ ಎಂಬ 19 ವರ್ಷದ ಹುಡುಗ ಟೆನರ್ ಸ್ಯಾಕ್ಸೋಫೋನ್‌ನಲ್ಲಿ ಒಂದು ಸೋಲೋ ನುಡಿಸಿದ. ಒಂದೇ ಸ್ವರವನ್ನು ಮತ್ತೆ ಮತ್ತೆ ಬಡಿದು, ಕೂಗಿಸಿ, ಜನರನ್ನು ಕುಣಿಸುವ ಆ ಬಗೆ ಎಷ್ಟು ಹಬ್ಬಿತೆಂದರೆ ಮುಂದಿನ ತಲೆಮಾರಿನ ವಾದಕರು ಅದನ್ನು ಸ್ವರಸ್ವರವಾಗಿ ಬಾಯಿಪಾಠ ಮಾಡಿದರು. ಅರ್ಲ್ ಬಾಸ್ಟಿಕ್ ಆಲ್ಟೋ ಸ್ಯಾಕ್ಸೋಫೋನನ್ನು ಗುರುಗುಟ್ಟಿಸಿ 1951ರಲ್ಲಿ ‘ಫ್ಲೆಮಿಂಗೊ’ವನ್ನು ಜನಪ್ರಿಯಗೊಳಿಸಿದ. ಟೆಕ್ಸಸ್‌ನ ಕಿಂಗ್ ಕರ್ಟಿಸ್ 1958ರಲ್ಲಿ ಕೋಸ್ಟರ್ಸ್ ತಂಡದ ಹಾಡಿಗೆ ಕೋಳಿ ಕುಕ್ಕಿದಂಥ ತುಂಡು ತುಂಡು ಸ್ವರಗಳನ್ನು ಸೇರಿಸಿದ. ಜೂನಿಯರ್ ವಾಕರ್ 1965ರ ‘ಶಾಟ್‌ಗನ್’ ಕಾಲಕ್ಕೆ ಚಾರ್ಟಿನಲ್ಲೇ ಇಲ್ಲದ ಎತ್ತರದ ಸ್ವರಗಳಲ್ಲಿ ಕಿರುಚಿಸುತ್ತಿದ್ದ. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಂಡದ ಕ್ಲಾರೆನ್ಸ್ ಕ್ಲೆಮನ್ಸ್ 1975ರಲ್ಲಿ ಇದೇ ದಾರಿಯಲ್ಲಿ ರಾಕ್ ವೇದಿಕೆ ತುಂಬಿದ.

ಇವರು ಈ ಸದ್ದನ್ನು ಎತ್ತಿಕೊಂಡದ್ದು ರೆಕಾರ್ಡಿನಿಂದ, ಪಕ್ಕದಲ್ಲಿ ನಿಂತು ನುಡಿಸುವವರಿಂದ. ‘ರಾಕ್ ಸ್ಯಾಕ್ಸೋಫೋನ್’, ‘ಬ್ಲೂಸ್ ಸ್ಯಾಕ್ಸೋಫೋನ್’ ಎಂದು ಅಂಗಡಿಯಲ್ಲಿ ಸಿಗುವ ಪುಸ್ತಕಗಳು ಆಮೇಲೆ ಬಂದವು. ಅವು ಈ ಸದ್ದುಗಳನ್ನು ಕಾಗದಕ್ಕಿಳಿಸುವ ಪ್ರಯತ್ನ. ಆದ್ದರಿಂದ ಅವುಗಳ ಜೊತೆಗೆ ಬರುವ ಸಿಡಿ ಅಥವಾ ಆಡಿಯೋ ಲಿಂಕ್ ಉಚಿತ ಕೊಡುಗೆಯಲ್ಲ, ಪುಸ್ತಕದ ಅರ್ಧ ಭಾಗವೇ ಅದು. ಫಾರ್ವರ್ಡ್ ಆಗಿ ಬರುವ ಕಳ್ಳ ಪಿಡಿಎಫ್‌ನಲ್ಲಿ ಇಲ್ಲದಿರುವುದು ಸರಿಯಾಗಿ ಆ ಅರ್ಧವೇ.

ಗುರುಗುಟ್ಟುವಿಕೆಯ ಗುಟ್ಟು

ಇಂಗ್ಲಿಷಿನಲ್ಲಿ ಗ್ರೌಲ್ ಎನ್ನುವ ಆ ಒರಟು ಸದ್ದಿಗೆ ವಿಶೇಷ ಮೌತ್‌ಪೀಸ್ ಬೇಕು ಎಂದು ನಂಬಿ ಹಣ ಸುರಿಯುವವರಿದ್ದಾರೆ. ಬೇಕಿಲ್ಲ. ವಾದಕ ಊದುತ್ತಿರುವಾಗಲೇ ಗಂಟಲಲ್ಲಿ ಬೇರೊಂದು ಸ್ವರವನ್ನು ಗುನುಗುತ್ತಾನೆ, ಅಷ್ಟೇ.

ಉದಾಹರಣೆಗೆ ವಾದ್ಯ ಸೆಕೆಂಡಿಗೆ 440 ಕಂಪನದ ಸ್ವರ ನುಡಿಸುತ್ತಿದೆ, ನೀವು 150 ಕಂಪನದ ಸ್ವರ ಗುನುಗುತ್ತಿದ್ದೀರಿ ಎಂದುಕೊಳ್ಳಿ. ಗುನುಗುವಾಗ ಧ್ವನಿತಂತುಗಳು ಸೆಕೆಂಡಿಗೆ 150 ಬಾರಿ ತೆರೆದು ಮುಚ್ಚುತ್ತವೆ. ರೀಡಿಗೆ ಹೋಗುವ ಗಾಳಿ ಸರಾಗವಾಗಿ ಹರಿಯುವ ಬದಲು 150 ತುಂಡುಗಳಾಗಿ ಹೋಗುತ್ತದೆ. ಆಗ 440ರ ಜೊತೆಗೆ ಅದರಿಂದ 150 ಕಳೆದ 290, ಕೂಡಿದ 590, ಹೀಗೆ ಹೊಸ ಕಂಪನಗಳು ಸೇರಿಕೊಳ್ಳುತ್ತವೆ. ಒಂದಕ್ಕೊಂದು ಹೊಂದದ ಈ ಗುಂಪನ್ನು ನಮ್ಮ ಕಿವಿ ‘ಒರಟು’ ಎಂದು ಕೇಳಿಸಿಕೊಳ್ಳುತ್ತದೆ.

ಬಹುಪಾಲು ಪುಸ್ತಕಗಳಲ್ಲಿ ಇದಕ್ಕೆ ಸಿಗುವುದು ಒಂದೇ ಸಾಲಿನ ಸೂಚನೆ: ನುಡಿಸುತ್ತಾ ಹಾಡಿ. ಅದನ್ನು ಓದಿದ ಹೊಸಬರು ಮೂರು ತಪ್ಪು ಮಾಡುತ್ತಾರೆ. ಒಂದು, ಕಫ ಕೀಳುವಂತೆ ‘ಖ್’ ಎಂದು ಗಂಟಲು ಕೆರೆಯುತ್ತಾರೆ. ಅದು ಗುನುಗುವಿಕೆಯಲ್ಲ, ನಾಲ್ಕು ದಿನ ಗಂಟಲು ನೋವು ಅಷ್ಟೇ. ಎರಡು, ನುಡಿಸುವ ಸ್ವರವನ್ನೇ ಗುನುಗುತ್ತಾರೆ. ಎರಡೂ ಒಂದೇ ಆದರೆ ಒರಟುತನ ಹುಟ್ಟುವುದಿಲ್ಲ, ಸ್ವಲ್ಪ ಹೆಚ್ಚುಕಡಿಮೆಯಾದರೆ ನಿಧಾನವಾದ ಅಲೆಯಾಟ ಮಾತ್ರ ಕೇಳುತ್ತದೆ. ಮೂರು, ಗುನುಗಲು ಶುರು ಮಾಡಿದ ಕೂಡಲೇ ಊದುವ ಗಾಳಿ ಕಡಿಮೆ ಮಾಡುತ್ತಾರೆ, ರೀಡ್ ನಿಂತುಹೋಗುತ್ತದೆ.

ದಾರಿ ಹೀಗೆ. ವಾದ್ಯವಿಲ್ಲದೆ, ತುಟಿ ಸೀಟಿಯಂತೆ ಮಾಡಿ ಗಾಳಿ ಊದಿ. ಊದುತ್ತಲೇ ‘ಊ’ ಎಂದು ಗುನುಗಿ. ಅಂಗೈಗೆ ಗಾಳಿ ತಾಗುತ್ತಲೇ ಇರಬೇಕು. ಇದು ಸಲೀಸಾದ ಮೇಲೆ ವಾದ್ಯದ ನಡುಸ್ಥಾಯಿಯ ಒಂದು ಸುಲಭ ಸ್ವರವನ್ನು ಗಟ್ಟಿಯಾಗಿ ಹಿಡಿದು, ಅದಕ್ಕೆ ಹೊಂದದ ಬೇರೊಂದು ಸ್ವರ ಗುನುಗಿ. ಗಂಟಲು ಕೆರೆದಂತಾದರೆ ಅಂದಿಗೆ ಸಾಕು. ಅಲ್ಪಸ್ವಲ್ಪ ಗುನುಗಿದರೆ ಧ್ವನಿ ಕೆಡುವುದಿಲ್ಲ, ನೋವಿನ ಮೇಲೆ ಒತ್ತಾಯ ಮಾಡಿದರೆ ಕೆಡಬಹುದು.

ಇದಕ್ಕೆ ಹತ್ತಿರದ ಇನ್ನೊಂದು ಸದ್ದು ನಾಲಿಗೆಯನ್ನು ನಡುಗಿಸಿ ತರುವಂಥದ್ದು. ಇಂಗ್ಲಿಷ್ ಪುಸ್ತಕಗಳು ಇದನ್ನು ಬಲು ಕಷ್ಟವೆಂದು ಪುಟಗಟ್ಟಲೆ ವಿವರಿಸುತ್ತವೆ, ಏಕೆಂದರೆ ಇಂಗ್ಲಿಷಿನ ರಕಾರದಲ್ಲಿ ನಾಲಿಗೆ ನಡುಗುವುದಿಲ್ಲ. ಮಕ್ಕಳಾಗಿದ್ದಾಗ ‘ಡ್ರ್ರ್ರ್’ ಎಂದು ಬಸ್ಸು ಓಡಿಸಿದ ಕನ್ನಡಿಗರಿಗೆ ಆ ಪುಟಗಳ ಅಗತ್ಯವಿಲ್ಲ. ಅದೇ ‘ರ್ರ್ರ್’ ಅನ್ನು ವಾದ್ಯದೊಳಗೆ ಊದಿದರಾಯಿತು.

ಆದರೆ ಭಾಷೆ ಕೈಕೊಡುವ ಜಾಗವೂ ಇದೆ. ಸ್ವರಗಳನ್ನು ಬಿಡಿಸಿ ನುಡಿಸಲು ಪುಸ್ತಕಗಳು ‘ಟ’ ಎನ್ನಿ, ‘ಡ’ ಎನ್ನಿ ಎನ್ನುತ್ತವೆ, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ನಾವು ಹಾಗೆ ಓದಿಕೊಳ್ಳುತ್ತೇವೆ. ಕನ್ನಡದ ‘ಟ’ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಿಗೆ ತಾಗುತ್ತದೆ. ಸ್ಯಾಕ್ಸೋಫೋನ್‌ನಲ್ಲಿ ನಾಲಿಗೆ ಮುಂದಕ್ಕೆ ಬಂದು ರೀಡ್‌ನ ತುದಿಯನ್ನು ಹಗುರವಾಗಿ ಮುಟ್ಟಿ ಬಿಡಬೇಕು. ನಮ್ಮ ‘ತ’ ಮತ್ತು ‘ದ’ ಅದಕ್ಕೆ ಎಷ್ಟೋ ಹತ್ತಿರ. ಪುಸ್ತಕದಲ್ಲಿ ‘ಟ’ ಕಂಡಲ್ಲೆಲ್ಲ ‘ದ’ ಎಂದು ಓದಿಕೊಳ್ಳಿ. ಸ್ವರ ‘ಟಪ್’ ಎಂದು ಒಡೆಯುವ ತೊಂದರೆ ಬಹಳ ಮಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಸ್ವರ ಬಾಗಿಸುವುದು

ಬ್ಲೂಸ್‌ನ ಜೀವ ಸ್ವರಗಳನ್ನು ನೆಟ್ಟಗೆ ಹಿಡಿಯುವುದರಲ್ಲಿಲ್ಲ. ಗಾಂಧಾರ, ನಿಷಾದಗಳನ್ನು ಸ್ವಲ್ಪ ಕೆಳಗಿನಿಂದ ಎತ್ತಿ, ಎಳೆದು, ಎರಡು ಸ್ವರಸ್ಥಾನಗಳ ನಡುವೆ ನಿಲ್ಲಿಸುತ್ತಾರೆ. ಪಿಯಾನೋದಲ್ಲಿ ಇದು ಸಾಧ್ಯವಿಲ್ಲ. ಗಿಟಾರ್‌ನವರು ತಂತಿ ಎಳೆಯುತ್ತಾರೆ. ಸ್ಯಾಕ್ಸೋಫೋನ್‌ನವರು ಬಾಯಿಯ ಒಳಗಿನ ಆಕಾರ ಬದಲಿಸುತ್ತಾರೆ. ಕಾಗದದ ಮೇಲೆ ಇದಕ್ಕಿರುವುದು ಒಂದು ಡೊಂಕು ಗೆರೆ ಮಾತ್ರ.

ಕರ್ನಾಟಕ ಸಂಗೀತ ಕೇಳಿದವರಿಗೆ ಇದು ಹೊಸ ವಿಚಾರವಲ್ಲ. ಬಂಟ್ವಾಳದ ಬಳಿಯ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಈ ವಾದ್ಯ ಕೇಳಿ ಮರುಳಾಗಿ, ಗಮಕಗಳನ್ನು ನುಡಿಸುವಂತೆ ಅದನ್ನು ಒಗ್ಗಿಸಿಕೊಂಡರು. ಕೀಗಳಿರುವ ವಾದ್ಯದಲ್ಲಿ ಸ್ವರವನ್ನು ತೂಗಾಡಿಸಬಹುದು ಎಂಬುದಕ್ಕೆ ಅವರ ಯಾವುದೇ ಆಲಾಪನೆ ಸಾಕ್ಷಿ. ಬ್ಲೂಸ್ ವಾದಕರ ಬೆಂಡ್ ಮತ್ತು ಗಮಕ ಒಂದೇ ಅಲ್ಲ, ಅವುಗಳ ವ್ಯಾಕರಣ ಬೇರೆ. ಬಾಯಿ ಮಾಡುವ ಕೆಲಸ ಮಾತ್ರ ಬಹಳ ಹತ್ತಿರದ್ದು.

ಇಲ್ಲಿ ಫೋನು ಪುಸ್ತಕಕ್ಕಿಂತ ಒಳ್ಳೆಯ ಗುರು. ಶ್ರುತಿ ತೋರಿಸುವ ಉಚಿತ ಟ್ಯೂನರ್ ಆ್ಯಪ್ ಹಾಕಿಕೊಳ್ಳಿ. ಮೌತ್‌ಪೀಸನ್ನು ವಾದ್ಯದಿಂದ ತೆಗೆದು ಅದನ್ನಷ್ಟೇ ಊದಿ. ಆಲ್ಟೋ ಮೌತ್‌ಪೀಸ್ ಆದರೆ ಸೆಕೆಂಡಿಗೆ 880 ಕಂಪನದ ‘ಎ’ ಸ್ವರದ ಆಸುಪಾಸು, ಟೆನರ್ ಆದರೆ 784ರ ‘ಜಿ’ ಆಸುಪಾಸು ಬರಬೇಕು ಎಂದು ಶಿಕ್ಷಕರು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮದು ಅದಕ್ಕಿಂತ ಬಹಳ ಮೇಲಿದ್ದರೆ ಕೆಳತುಟಿಯನ್ನು ಹಲ್ಲಿಗೆ ಒತ್ತಿ ಕಚ್ಚುತ್ತಿದ್ದೀರಿ ಎಂದರ್ಥ. ಸರಿಯಾದ ಸ್ವರ ಸಿಕ್ಕಿದ ಮೇಲೆ ತುಟಿ ಅಲುಗಿಸದೆ, ‘ಈ’ ಎನ್ನುವ ನಾಲಿಗೆಯನ್ನು ನಿಧಾನಕ್ಕೆ ‘ಆ’, ‘ಓ’ ಕಡೆಗೆ ಇಳಿಸಿ. ಪರದೆಯ ಮೇಲಿನ ಮುಳ್ಳು ಕೆಳಗೆ ಜಾರುವುದು ಕಾಣುತ್ತದೆ. ಮೊದಲ ದಿನ ಅರ್ಧ ಸ್ವರವೂ ಇಳಿಯದಿರಬಹುದು. ಅಭ್ಯಾಸವಾದವರು ನಾಲ್ಕೈದು ಸ್ವರ, ಅದಕ್ಕೂ ಹೆಚ್ಚು ಇಳಿಸುತ್ತಾರೆ.

ಇದು ಬಂದವರಿಗೆ ವಾದ್ಯದ ಮೇಲೆ ಬೆಂಡ್ ಮಾಡುವುದು ತಾನಾಗಿ ಬರುತ್ತದೆ. ಬಾರದವರು ತುಟಿ ಸಡಿಲಿಸಿ ಸ್ವರ ಇಳಿಸಲು ಹೋಗುತ್ತಾರೆ. ಸ್ವರದ ಜೊತೆಗೆ ನಾದವೂ ಬಿದ್ದುಹೋಗುತ್ತದೆ.

ಚಾರ್ಟ್ ಮುಗಿದ ಮೇಲಿನ ಸ್ವರಗಳು

ಈಗ ಎಲ್ಲಕ್ಕಿಂತ ಕುತೂಹಲದ ಭಾಗ. ರಾಕ್ ಸೋಲೋಗಳಲ್ಲಿ ಎದೆ ಝಲ್ಲೆನಿಸುವ ಆ ಅತಿ ಎತ್ತರದ ಕೂಗು ವಾದ್ಯದ ಮಾಮೂಲಿ ವ್ಯಾಪ್ತಿಯ ಮೇಲಿನದು. ಇದಕ್ಕೆ ಆಲ್ಟಿಸಿಮೊ ಎಂದು ಹೆಸರು. ಇದಕ್ಕೂ ಪುಸ್ತಕಗಳಲ್ಲಿ ಫಿಂಗರಿಂಗ್ ಚಾರ್ಟ್ ಇರುತ್ತದೆ. ಹೊಸಬರು ಅದರಂತೆ ಬೆರಳಿಟ್ಟು ಊದುತ್ತಾರೆ, ಸ್ವರ ಬರುವುದಿಲ್ಲ. ಇನ್ನೂ ಜೋರಾಗಿ ಊದುತ್ತಾರೆ. ಕಚ್ಚುತ್ತಾರೆ. ಕೆಳತುಟಿಯ ಒಳಭಾಗ ಹಲ್ಲಿನ ಗುರುತು ಬಿದ್ದು ಹುಣ್ಣಾಗುತ್ತದೆ. ಮುಖ ಕೆಂಪಾಗುತ್ತದೆ, ತಲೆ ಸುತ್ತುತ್ತದೆ. ‘ದಮ್ಮು ಸಾಲದು’ ಎಂಬ ತೀರ್ಪು ಬರುವುದು ಇಲ್ಲಿಯೇ.

2008ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರ ಹುಡುಕಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೌತ್‌ಪೀಸ್‌ನ ಮೂಲಕ ವಾದಕನ ಬಾಯಿಗೆ ಹಲವು ಕಂಪನಗಳು ಬೆರೆತ ಸಣ್ಣ ಸದ್ದನ್ನು ಕಳಿಸಿ, ಒಳಗಿನಿಂದ ಅದು ಹೇಗೆ ಮರಳುತ್ತದೆ ಎಂದು ನುಡಿಸುತ್ತಿರುವಾಗಲೇ ಅಳೆದರು. ಹಾಗೆ ಅಳೆದರೆ ಬಾಯಿ ಮತ್ತು ಗಂಟಲಿನ ಪೊಳ್ಳು ಯಾವ ಕಂಪನಕ್ಕೆ ಜೋರಾಗಿ ಮರುದನಿ ಕೊಡುತ್ತಿದೆ ಎಂದು ತಿಳಿಯುತ್ತದೆ. ನುರಿತ ವಾದಕರು ಆಲ್ಟಿಸಿಮೊ ಸ್ವರ ನುಡಿಸುವಾಗ ತಮ್ಮ ಗಂಟಲಿನ ಮರುದನಿಯನ್ನು ಆ ಸ್ವರದ ಹತ್ತಿರಕ್ಕೆ ಶ್ರುತಿ ಮಾಡಿಕೊಳ್ಳುತ್ತಿದ್ದರು. ಅಷ್ಟು ಅನುಭವವಿಲ್ಲದವರು ಹಾಗೆ ಮಾಡುತ್ತಿರಲಿಲ್ಲ, ಅವರಿಗೆ ಆ ಸ್ವರಗಳೂ ಬರುತ್ತಿರಲಿಲ್ಲ.

ಅಂದರೆ ಎರಡು ಗುಂಪಿನ ನಡುವೆ ಕಂಡ ವ್ಯತ್ಯಾಸ ಗಂಟಲಿನ ಆಕಾರದ್ದು. ವಾದ್ಯದ ಮಾಮೂಲಿ ವ್ಯಾಪ್ತಿಯಲ್ಲಿ ಹಿತ್ತಾಳೆ ಕೊಳವೆಯ ಮರುದನಿ ಬಲವಾಗಿರುವುದರಿಂದ ಅದೇ ರೀಡನ್ನು ಹಿಡಿದಿಡುತ್ತದೆ. ಎತ್ತರಕ್ಕೆ ಹೋದಂತೆ ಅದು ದುರ್ಬಲವಾಗುತ್ತದೆ. ಆಗ ಬಾಯಿಯ ಕಡೆಯಿಂದ ಆಸರೆ ಬೇಕು.

ಸೋಜಿಗವೆಂದರೆ ಇದನ್ನು ಅಳೆಯುವ ಯಂತ್ರ ಬರುವ ಮೊದಲೇ ಒಬ್ಬ ಪುಸ್ತಕದ ಲೇಖಕನಿಗೆ ಈ ಮರ್ಮ ಗೊತ್ತಿತ್ತು. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಿಗುರ್ಡ್ ರಾಷರ್ ಶಾಸ್ತ್ರೀಯ ವಾದಕ. ರಾಕ್‌ಗೂ ಅವರಿಗೂ ಸಂಬಂಧವೇ ಇಲ್ಲ. ಆದರೆ 1941ರಲ್ಲಿ ಬಂದ ಅವರ ‘ಟಾಪ್ ಟೋನ್ಸ್’ ಎಂಬ ತೆಳು ಪುಸ್ತಕ ಇಂದಿಗೂ ರಾಕ್ ವಾದಕರ ಕೈಯಲ್ಲಿದೆ. ಅದರಲ್ಲಿ ಎತ್ತರದ ಸ್ವರಗಳ ಫಿಂಗರಿಂಗ್‌ಗಿಂತ ಮೊದಲು ಬರುವುದು ಬೆರಳೇ ಬದಲಿಸದ ಅಭ್ಯಾಸಗಳು.

ಅಭ್ಯಾಸ ಹೀಗಿದೆ: ವಾದ್ಯದ ಅತಿ ಕೆಳಗಿನ ಸ್ವರಕ್ಕೆ ಎಲ್ಲ ಕೀಗಳನ್ನು ಒತ್ತಿ ಹಿಡಿಯಿರಿ. ಬೆರಳು ಕದಲಿಸಬೇಡಿ. ಬಾಯಿ, ಗಂಟಲನ್ನು ಮಾತ್ರ ಹೊಂದಿಸುತ್ತಾ ಅದೇ ಫಿಂಗರಿಂಗ್‌ನಲ್ಲಿ ಮೇಲಿನ ಸ್ವರಗಳನ್ನು ಹೊರಡಿಸಿ. ಆ ಕೆಳಗಿನ ಸ್ವರವನ್ನು ಷಡ್ಜವೆಂದು ಕರೆದರೆ, ಮೊದಲು ಬರುವುದು ಮೇಲಿನ ಷಡ್ಜ, ಆಮೇಲೆ ಅದರ ಪಂಚಮ, ಆಮೇಲೆ ಇನ್ನೂ ಮೇಲಿನ ಷಡ್ಜ, ಅದರ ನಂತರ ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದಲ್ಲ, ಅದೇ ನಂಟಿನ ಸ್ವರಗಳಿವು.

ಇನ್ನೊಂದು ಮುಖ್ಯ ಮಾತು: ಸ್ವರ ಹೊರಡಿಸುವ ಮೊದಲು ಅದನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳಿ, ಸಾಧ್ಯವಾದರೆ ಹಾಡಿಕೊಳ್ಳಿ. ಹಳೆಯ ಶಿಕ್ಷಕರ ಈ ಮಾತು ಯೋಗದ ಉಪದೇಶದಂತೆ ಕೇಳಿಸಬಹುದು. ಕಾರಣ ಸರಳ. ನಾಲಿಗೆಯ ಬುಡ ಎಷ್ಟು ಎತ್ತರದಲ್ಲಿದೆ ಎಂದು ನಮಗೆ ಕಾಣುವುದಿಲ್ಲ, ಹೇಳಿ ಸರಿಸುವುದೂ ಕಷ್ಟ. ಆದರೆ ಕಿವಿಗೆ ಬೇಕಾದ ಸದ್ದು ಖಚಿತವಾಗಿದ್ದರೆ, ಹುಡುಕುತ್ತಾ ಹುಡುಕುತ್ತಾ ಗಂಟಲು ಆ ಜಾಗವನ್ನು ಕಂಡುಕೊಳ್ಳುತ್ತದೆ. ಮಗು ಮಾತು ಕಲಿಯುವುದೂ ನಾಲಿಗೆಯ ನಕ್ಷೆ ನೋಡಿ ಅಲ್ಲವಲ್ಲ. ನನ್ನ ಲೆಕ್ಕದಲ್ಲಿ ಒಳ್ಳೆಯ ಪುಸ್ತಕಕ್ಕೂ ಕೆಟ್ಟ ಪುಸ್ತಕಕ್ಕೂ ಇರುವ ಅಂತರ ಇಷ್ಟೇ: ಕೆಟ್ಟದ್ದು ನೂರು ಫಿಂಗರಿಂಗ್ ಕೊಡುತ್ತದೆ, ಒಳ್ಳೆಯದು ಕಿವಿಗೆ ಕೆಲಸ ಕೊಡುತ್ತದೆ. ಕೊಳ್ಳುವ ಮೊದಲು ಒಳಪುಟ ತಿರುವಿ, ಓವರ್‌ಟೋನ್ ಅಭ್ಯಾಸ ಇದೆಯೇ, ಜೊತೆಗೆ ಆಡಿಯೋ ಇದೆಯೇ ನೋಡಿ.

ಬ್ಲೂಸ್ ನಮ್ಮ ರಾಗವೇ?

ಪುಸ್ತಕದಲ್ಲಿ ಮೊದಲು ಸಿಗುವ ಬ್ಲೂಸ್ ಸ್ವರಶ್ರೇಣಿ ಹೀಗಿದೆ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ, ನಡುವೆ ದಾಟುಸ್ವರವಾಗಿ ಪ್ರತಿ ಮಧ್ಯಮ. ಪ್ರತಿ ಮಧ್ಯಮ ಬಿಟ್ಟರೆ ಉಳಿಯುವುದು ಶುದ್ಧ ಧನ್ಯಾಸಿಯ ಸ್ವರಗಳೇ. ಇಷ್ಟು ನಿಜ. ಆದರೆ ಐದು ಸ್ವರಗಳ ಶ್ರೇಣಿಗಳು ಜಗತ್ತಿನ ಎಷ್ಟೋ ಕಡೆ ತಾವಾಗಿ ಬೆಳೆದಿವೆ. ಬ್ಲೂಸ್ ರೂಪುಗೊಂಡದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ನಡುವೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಗುಲಾಮಗಿರಿಯ ನೆನಪು ಹಸಿಯಾಗಿದ್ದ ಕಾಲದಲ್ಲಿ. ಸ್ವರಗಳು ಹೊಂದಿಕೆಯಾದವು ಎಂದು ಆ ಜನರ ಕೈಯಿಂದ ಅವರ ಸಂಗೀತವನ್ನು ಕಿತ್ತುಕೊಳ್ಳುವ ಫಾರ್ವರ್ಡ್ ಹಂಚುವುದು ಸಣ್ಣತನ.

ನಂಟು ಕಲಿಯುವವರಿಗೆ ಉಪಯೋಗಕ್ಕೆ ಬರುತ್ತದೆ, ಅದು ಬೇರೆ ಮಾತು. ಬ್ಲೂಸ್ ಸಾಮಾನ್ಯವಾಗಿ ನಾಲ್ಕು ಮಾತ್ರೆಯ 12 ಆವರ್ತಗಳಲ್ಲಿ ಸುತ್ತುತ್ತದೆ. ಅದರ ನಡೆ ಕಾಗದದಲ್ಲಿ ಎರಡು ಸಮ ತುಂಡುಗಳಂತೆ ಕಾಣುತ್ತದೆ, ನುಡಿಸುವಾಗ ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ತಿಶ್ರದ ‘ತಕಿಟ’ದಲ್ಲಿ ‘ತಕಿ’ಯನ್ನು ಸೇರಿಸಿ ಹಿಡಿದು ‘ಟ’ವನ್ನು ಮಾತ್ರ ಬಿಡಿಯಾಗಿ ಹೇಳಿ ನೋಡಿ, ಅದೇ ನಡೆ. ರಾಕ್ ಹಾಡುಗಳಲ್ಲಿ ಹೆಚ್ಚಾಗಿ ಚತುರಶ್ರದಂತೆ ಸಮ ತುಂಡು. ಬರೆದದ್ದನ್ನು ಬರೆದ ಹಾಗೇ ನುಡಿಸಿದ ಬ್ಲೂಸ್ ಶಾಲೆಯ ಬ್ಯಾಂಡ್‌ನಂತೆ ಕೇಳಿಸುವುದು ಇದೇ ಕಾರಣಕ್ಕೆ.

ಮತ್ತೊಂದು ಎಡವು. ಆಲ್ಟೋ ಮತ್ತು ಟೆನರ್ ಎರಡಕ್ಕೂ ಬೆರಳು ಒಂದೇ, ಆದರೆ ಪುಸ್ತಕದ ‘ಸಿ’ ಸ್ವರ ನುಡಿಸಿದರೆ ಎರಡರಲ್ಲೂ ಬೇರೆ ಬೇರೆ ಸ್ವರ ಕೇಳುತ್ತದೆ, ಪಿಯಾನೋದ ‘ಸಿ’ ಎರಡರಲ್ಲೂ ಅಲ್ಲ. ಗಿಟಾರ್‌ನವರಿಗೆ ಪ್ರಿಯವಾದ ‘ಇ’ ಶ್ರುತಿಯಲ್ಲಿ ಹಾಡು ಶುರುವಾದರೆ ಟೆನರ್‌ನವರು ‘ಎಫ್ ಶಾರ್ಪ್’ನಲ್ಲಿ, ಆಲ್ಟೋದವರು ‘ಸಿ ಶಾರ್ಪ್’ನಲ್ಲಿ ನುಡಿಸಬೇಕು. ಆಡಿಯೋ ಟ್ರ್ಯಾಕ್ ಜೊತೆ ನುಡಿಸಿದಾಗ ಎಲ್ಲವೂ ಅಪಸ್ವರವೆನಿಸಿದರೆ ಮೊದಲು ನೋಡಬೇಕಾದ್ದು ಪುಸ್ತಕ ನಿಮ್ಮ ವಾದ್ಯದ್ದೇ ಎಂದು. ಜೇಮಿ ಏಬರ್‌ಸೋಲ್ಡ್ 1967ರಿಂದ ಹೊರತಂದ ಜೊತೆವಾದನದ ಪುಸ್ತಕ ಸರಣಿಯಲ್ಲಿ ಎರಡನೆಯ ಸಂಪುಟ ಪೂರ್ತಿ ಬ್ಲೂಸ್‌ಗೇ ಮೀಸಲು. ಅಲ್ಲಿ ಬೇರೆ ಬೇರೆ ಶ್ರುತಿಯ ವಾದ್ಯಗಳಿಗೆ ಬೇರೆ ಬೇರೆ ಪುಟಗಳಿವೆ.

ಆಯಸ್ಸಿನ ಫಾರ್ವರ್ಡ್

‘ಡಾಕ್ಟರುಗಳೇ ಬರೆದಿದ್ದಾರೆ’ ಎಂಬ ಮಾತು ಪೂರ್ತಿ ಸುಳ್ಳಲ್ಲ. 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಸಿದ್ಧ ಜಾಝ್ ಸಂಗೀತಗಾರರ ಹುಟ್ಟು ಸಾವುಗಳನ್ನು ಲೆಕ್ಕ ಹಾಕಿದ ಒಂದು ಪುಟ್ಟ ಲೇಖನ ಬಂದಿತ್ತು. ಸ್ಯಾಕ್ಸೋಫೋನ್ ವಾದಕರಿಗೆ ಅಪಾಯ ಹೆಚ್ಚಿರಬಹುದು, ಮೂಗಿನಿಂದ ಉಸಿರೆಳೆಯುತ್ತಲೇ ಕೆನ್ನೆಯ ಗಾಳಿ ಊದುವ ತಂತ್ರ ಕಾರಣವಿರಬಹುದು ಎಂದು ಅದರಲ್ಲಿತ್ತು. ಫಾರ್ವರ್ಡ್‌ನಲ್ಲಿ ಬಿಟ್ಟುಹೋಗುವ ವಿಷಯವೆಂದರೆ ಅದು ಆ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆ. ವರ್ಷಕ್ಕೊಮ್ಮೆ ಬರುವ ಆ ಸಂಚಿಕೆ ನಗೆಚಾಟಿಕೆಯ ಸಂಶೋಧನೆಗಳಿಗೆ ಹೆಸರುವಾಸಿ. ಆ ಕಾಲದ ಜಾಝ್ ಲೋಕದಲ್ಲಿ ಹೊಗೆ, ಮದ್ಯ, ಮಾದಕ ವಸ್ತು, ರಾತ್ರಿಯಿಡೀ ಪ್ರಯಾಣ ಎಷ್ಟಿತ್ತೆಂದರೆ ಸಾವಿನ ಅಪವಾದವನ್ನು ವಾದ್ಯದ ತಲೆಗೆ ಕಟ್ಟುವುದು ಕಷ್ಟ.

ನಿಜವಾದ ಎಚ್ಚರಿಕೆಗಳು ಇಷ್ಟು ರೋಚಕವಲ್ಲ. ಊದುವ ವಾದ್ಯದೊಳಗೆ ಎಂಜಲು, ತೇವ ನಿಲ್ಲುತ್ತದೆ, ಬೂಸ್ಟು ಬೆಳೆಯುತ್ತದೆ. ವರ್ಷಗಟ್ಟಲೆ ಸ್ವಚ್ಛ ಮಾಡದ ವಾದ್ಯದಿಂದ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಬಂದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. 2016ರಲ್ಲಿ ‘ಥೊರಾಕ್ಸ್’ ಪತ್ರಿಕೆಯಲ್ಲಿ ಬಂದ ಬ್ಯಾಗ್‌ಪೈಪ್ ವಾದಕನ ಪ್ರಕರಣ ಹೆಚ್ಚು ಸುದ್ದಿಯಾಯಿತು. ಅಪರೂಪದ ಕಾಯಿಲೆ, ತಪ್ಪಿಸುವುದು ಸುಲಭ: ನುಡಿಸಿದ ಕೂಡಲೇ ರೀಡ್ ಬಿಚ್ಚಿ ಒರೆಸಿ ಒಣಗಿಸುವುದು, ಕೊಳವೆಯೊಳಗೆ ಬಟ್ಟೆ ಎಳೆಯುವುದು, ಮೌತ್‌ಪೀಸನ್ನು ಆಗಾಗ ತಣ್ಣೀರಲ್ಲಿ ಸೋಪು ಹಾಕಿ ತೊಳೆಯುವುದು. ಬೇರೆಯವರ ರೀಡನ್ನು ಬಾಯಿಗಿಡಬಾರದು. ಗ್ಲಾಕೋಮಾ, ಹರ್ನಿಯಾ ಅಥವಾ ಹೃದಯದ ತೊಂದರೆ ಇರುವವರು ಶುರು ಮಾಡುವ ಮೊದಲು ವೈದ್ಯರನ್ನು ಕೇಳಲಿ.

ಕಿವಿಯ ವಿಷಯ ಇದಕ್ಕಿಂತ ದೊಡ್ಡದು. ರಾಕ್ ಶೈಲಿಯಲ್ಲಿ ಜೋರಾಗಿ ನುಡಿಸಿದರೆ ವಾದಕನ ಕಿವಿಯ ಬಳಿ ಸದ್ದು ಸುಲಭವಾಗಿ 90 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು, 94ರಲ್ಲಿ ಒಂದೇ ಗಂಟೆ. ಇಡೀ ಬ್ಯಾಂಡ್ ಜೊತೆ ನುಡಿಸುವಾಗ ಕಿವಿಗೆ ಇಯರ್‌ಪ್ಲಗ್ ಹಾಕುವುದು ಪುಕ್ಕಲುತನವಲ್ಲ.

ಇನ್ನು ರೀಡ್. ಪೆಟ್ಟಿಗೆಯ ಮೇಲೆ 2, 2.5, 3 ಎಂದು ಗಡಸುತನದ ಅಂಕಿ ಇರುತ್ತದೆ. ‘ದೊಡ್ಡ ನಂಬರ್, ದೊಡ್ಡ ವಾದಕ’ ಎಂಬ ಮಾತು ನಂಬಬೇಡಿ. ಬೆಂಡ್ ಮತ್ತು ಗ್ರೌಲ್ ಕಲಿಯುವ ದಿನಗಳಲ್ಲಿ ಮೆತ್ತಗಿನ ರೀಡೇ ಹೇಳಿದ ಮಾತು ಕೇಳುತ್ತದೆ. ಲೋಹದ ಮೌತ್‌ಪೀಸ್ ಹಾಕಿದರೆ ರಾಕ್ ಸದ್ದು ಬರುತ್ತದೆ ಎಂಬುದೂ ಹಾಗೆಯೇ. ಸದ್ದಿಗೆ ಕಟುತನ ಕೊಡುವುದು ಮುಖ್ಯವಾಗಿ ಒಳಗಿನ ಪೊಳ್ಳಿನ ಆಕಾರ, ಹೊರಗಿನ ಹೊಳಪಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಕೇಳುವ ಪ್ರಶ್ನೆ ಒಂದು ಉಳಿದಿದೆ: ಸದ್ದು ಕಡಿಮೆ ಮಾಡಲು ವಾದ್ಯದ ಅಗಲ ಬಾಯಿಗೆ ಟವೆಲ್ ತುರುಕಬಹುದೇ? ಟ್ರಂಪೆಟ್‌ಗೆ ಅಂಥ ಉಪಾಯ ನಡೆಯುತ್ತದೆ, ಏಕೆಂದರೆ ಅದರ ಸದ್ದೆಲ್ಲ ಬಾಯಿಂದಲೇ ಹೊರಗೆ ಬರುತ್ತದೆ. ಸ್ಯಾಕ್ಸೋಫೋನ್‌ನ ಸದ್ದು ಮೈಮೇಲಿನ ತೆರೆದ ರಂಧ್ರಗಳಿಂದ ಹೊರಡುತ್ತದೆ; ಅತಿ ಕೆಳಗಿನ ಸ್ವರ ಮಾತ್ರ ಪೂರ್ತಿ ಬಾಯಿಯವರೆಗೆ ಹೋಗುತ್ತದೆ. ಟವೆಲ್ ತುರುಕಿದರೆ ಆ ಕೆಳಸ್ವರಗಳು ಕೆಡುತ್ತವೆ, ಮಿಕ್ಕವು ಪಕ್ಕದ ಮನೆಗೆ ಮೊದಲಿನಷ್ಟೇ ಕೇಳಿಸುತ್ತವೆ. ಅದರ ಬದಲು ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ನಿಂತು ನುಡಿಸಿ, ಕಿಟಕಿ ಮುಚ್ಚಿ, ಮಧ್ಯಾಹ್ನದ ನಿದ್ದೆಯ ಹೊತ್ತು ತಪ್ಪಿಸಿ. ಬರಿಯ ಮೌತ್‌ಪೀಸಿನ ಅಭ್ಯಾಸವನ್ನಂತೂ ಅಕ್ಕಪಕ್ಕದವರು ಮನೆಯಲ್ಲಿಲ್ಲದಾಗಲೇ ಇಟ್ಟುಕೊಳ್ಳಿ, ಅದು ಬಾತುಕೋಳಿಯನ್ನು ತುಳಿದಂತೆ ಕೇಳಿಸುತ್ತದೆ.